ಮಳೆ ನಕ್ಷತ್ರ ಬಾಯಲ್ಲಿದ್ದರೆ ಸಾಲದು, ಕಣ್ಣಿಗೂ ಗೊತ್ತಿರಬೇಕು

ರೋಹಿಣಿ ಬಂತು, ಮೃಗಶಿರ ಕೈಕೊಟ್ಟಿತು, ಆರಿದ್ರ ಆದ್ರೂ ಹಿಡೀತೈತೋ ಇಲ್ಲವೋ ಅಂತ ಮುಂಗಾರಿನಲ್ಲಿ ಮಾತಾಡದ ರೈತನೇ ಇಲ್ಲ. 'ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ' ಅನ್ನೋ ಗಾದೆ ಶಾಲೆಗೆ ಹೋಗದವರ ಬಾಯಲ್ಲೂ ಇದೆ. ಆದರೆ 'ಆರಿದ್ರ ಎಲ್ಲಿದೆ, ತೋರಿಸಪ್ಪಾ' ಅಂತ ಕೇಳಿ ನೋಡಿ. ಹೆಚ್ಚಿನವರು ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ತೋರಿಸುತ್ತಾರೆ. ಆಕಾಶದ ಕಡೆ ಕೈ ಎತ್ತುವವರು ಊರಿಗೆ ಒಬ್ಬರೋ ಇಬ್ಬರೋ. ಅವರೂ ಎಪ್ಪತ್ತು ದಾಟಿದವರು.

ನಮ್ಮದು ಚಳ್ಳಕೆರೆ ಸೀಮೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಶೇಂಗಾ, ನವಣೆ, ಸಾವೆ, ಹುರುಳಿ ನಮ್ಮ ಬೆಳೆ. ಕೆರೆ ನೀರಾವರಿ, ಕಾಲುವೆ ನೀರಾವರಿ ಇರುವವರಿಗೆ ನಕ್ಷತ್ರ ಮಾತಿಗೊಂದು ಹೆಸರು ಅಷ್ಟೆ. ನಮಗೆ ಹಾಗಲ್ಲ. ಬೀಜ ಹೊರಗೆ ತೆಗೆಯೋದೂ, ಕೂರಿಗೆ ಕಟ್ಟೋದೂ ಆ ಹೆಸರಿನ ಮೇಲೆ. ಇಷ್ಟು ನಂಬಿದ ವಸ್ತುವನ್ನು ಒಮ್ಮೆಯೂ ಕಣ್ಣಾರೆ ನೋಡದೆ ಇರುವುದು ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ. ನೋಡದೇ ಇರೋದ್ರಿಂದ ನಷ್ಟವೂ ಇದೆ. ಅದನ್ನೇ ಇಲ್ಲಿ ಬರೆಯುತ್ತೇನೆ.

ರೋಹಿಣಿ ಮಳೆಯಲ್ಲಿ ರೋಹಿಣಿ ಕಾಣದು

ಮೊದಲು ಒಂದು ವಿಚಾರ ಸ್ಪಷ್ಟ ಮಾಡಿಕೊಳ್ಳೋಣ. ಆಕಾಶದಲ್ಲಿ ಸೂರ್ಯ ಚಂದ್ರರು ಸಾಗುವ ದಾರಿಯನ್ನು ನಮ್ಮ ಹಿರಿಯರು 27 ಪಾಲು ಮಾಡಿದರು. ಒಂದೊಂದು ಪಾಲಿಗೆ ಅಲ್ಲಿರುವ ಚುಕ್ಕೆಯ ಹೆಸರಿಟ್ಟರು. ಚಂದ್ರ ಒಂದು ಸುತ್ತು ಬರಲು ಸುಮಾರು 27 ದಿನ ತೆಗೆದುಕೊಳ್ಳುತ್ತಾನೆ. ಹಾಗಾಗಿ ದಿನಕ್ಕೊಂದು ನಕ್ಷತ್ರ. ಕ್ಯಾಲೆಂಡರಿನಲ್ಲಿ ತಾರೀಕಿನ ಕೆಳಗೆ ಬರೆದಿರೋದು ಇದೇ. ಇದಕ್ಕೆ ನಿತ್ಯ ನಕ್ಷತ್ರ ಅಂತಾರೆ.

ಸೂರ್ಯ ಅದೇ ದಾರಿಯನ್ನು ಒಂದು ವರ್ಷದಲ್ಲಿ ಮುಗಿಸುವಂತೆ ನಮಗೆ ಕಾಣುತ್ತದೆ. 365 ದಿನವನ್ನು 27ರಿಂದ ಭಾಗಿಸಿದರೆ ಹದಿಮೂರೂವರೆ ದಿನ. ಸೂರ್ಯ ಒಂದು ನಕ್ಷತ್ರದಲ್ಲಿ ಇರೋದು ಅಷ್ಟು. ಇದು ಮಹಾ ನಕ್ಷತ್ರ, ಅಂದರೆ ನಮ್ಮ ಮಳೆ ನಕ್ಷತ್ರ. ಸುಮಾರು ಮೇ 25ಕ್ಕೆ ರೋಹಿಣಿ, ಜೂನ್ 8ಕ್ಕೆ ಮೃಗಶಿರ, ಜೂನ್ 22ಕ್ಕೆ ಆರಿದ್ರ, ಜುಲೈ 6ಕ್ಕೆ ಪುನರ್ವಸು, ಜುಲೈ 20ಕ್ಕೆ ಪುಷ್ಯ, ಆಗಸ್ಟ್ 3ಕ್ಕೆ ಆಶ್ಲೇಷ, ಆಗಸ್ಟ್ 17ಕ್ಕೆ ಮಖೆ. ವರ್ಷಕ್ಕೆ ಒಂದು ದಿನ ಹಿಂದೆ ಮುಂದೆ ಆಗಬಹುದು, ಅಷ್ಟೆ.

ಈಗ ಯೋಚನೆ ಮಾಡಿ. ರೋಹಿಣಿ ಮಳೆ ಅಂದರೆ ಸೂರ್ಯ ರೋಹಿಣಿಯ ಹತ್ತಿರ ಇರುವ ಕಾಲ. ಆವಾಗ ರೋಹಿಣಿ ಸೂರ್ಯನ ಜೊತೆಗೇ ಹುಟ್ಟಿ ಸೂರ್ಯನ ಜೊತೆಗೇ ಮುಳುಗುತ್ತದೆ. ಹಗಲಿಡೀ ನಮ್ಮ ತಲೆ ಮೇಲಿದ್ದರೂ ಬಿಸಿಲಿನಲ್ಲಿ ಕಾಣದು. ಮೋಡವೇ ಇಲ್ಲದಿದ್ದರೂ ರೋಹಿಣಿ ಮಳೆಯ ರಾತ್ರಿ ರೋಹಿಣಿ ಸಿಗುವುದಿಲ್ಲ. ಹಾಗಾದರೆ ನೋಡೋದು ಯಾವಾಗ? ಆರು ತಿಂಗಳು ಬಿಟ್ಟು. ಮುಂಗಾರಿನ ನಕ್ಷತ್ರಗಳನ್ನು ನೋಡಬೇಕಾದರೆ ಚಳಿಗಾಲದಲ್ಲಿ, ಒಕ್ಕಣೆ ಮಾಡುವ ಕಾಲದಲ್ಲಿ ನೋಡಬೇಕು. ನಮ್ಮ ಹಿರಿಯರು ಕಣ ಕಾಯುತ್ತಾ ಮಲಗಿ ಇವನ್ನೆಲ್ಲ ಕಲಿತರು. ಈಗ ಕಣವೂ ಇಲ್ಲ, ಕಾಯುವ ಕೆಲಸವೂ ಇಲ್ಲ. ಮೆಷಿನ್ ಬಂದು ಒಂದೇ ದಿನದಲ್ಲಿ ಮುಗಿಸಿ ಹೋಗುತ್ತದೆ. ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಕಲಿಯುವ ಜಾಗ ಹೋಯಿತು.

ನೋಡದೆ ನಂಬಿದರೆ ಏನಾಗುತ್ತದೆ

ನೋಡಿದವನಿಗೆ ನಕ್ಷತ್ರ ಏನು ಅಂತ ಗೊತ್ತಾಗುತ್ತದೆ. ಅದು ದೂರದ ಒಂದು ಬೆಳಕು. ವರ್ಷ ವರ್ಷ ಅದೇ ದಿನ ಅದೇ ಜಾಗಕ್ಕೆ ಬರುತ್ತದೆ. ಅದು ಕಾಲ ತೋರಿಸುವ ಮುಳ್ಳು, ಗಡಿಯಾರದ ಮುಳ್ಳಿನ ಹಾಗೆ. ಗಡಿಯಾರ ಊಟದ ಹೊತ್ತು ತೋರಿಸುತ್ತದೆ, ತಟ್ಟೆಗೆ ಅನ್ನ ಬಡಿಸುವುದಿಲ್ಲ. ನೋಡದವನಿಗೆ ಮಾತ್ರ ನಕ್ಷತ್ರವೇ ಮಳೆ ತರುವ ದೇವರಾಗಿಬಿಡುತ್ತದೆ. ಯುಗಾದಿ ದಿನ ಪಂಚಾಂಗ ಓದಿ ಇಷ್ಟು ಕೊಳಗ ಮಳೆ ಅಂದರೆ ಅದನ್ನೇ ನಂಬಿ ಕೂರುತ್ತಾನೆ.

2022 ಮತ್ತು 2023ನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡು ವರ್ಷವೂ ಮೃಗಶಿರ, ಆರಿದ್ರ, ಮಖೆ ಎಲ್ಲವೂ ಅದದೇ ತಾರೀಕಿಗೆ ಬಂದವು. 2022ರಲ್ಲಿ ರಾಜ್ಯದಲ್ಲಿ ವಾಡಿಕೆಗಿಂತ ಹೆಚ್ಚು ಮಳೆ. 2023ರಲ್ಲಿ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಆ ವರ್ಷ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದು ಎಲ್ಲರಿಗೂ ನೆನಪಿದೆ. ನಮ್ಮ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲೇ ಇಸ್ರೋದವರು ಚಂದ್ರಯಾನ-2ರ ಕಾಲದಲ್ಲಿ ಚಂದ್ರನ ನೆಲದ ಹಾಗೆ ಗುಂಡಿ ತೋಡಿ ಇಳಿಯುವ ಪರೀಕ್ಷೆ ಮಾಡಿದ್ದರು. ಹಾಗಾಗಿ ನಮಗೂ ಹೆಮ್ಮೆ. ಆದರೆ ಆ ದಿನ ನಮ್ಮ ಲೆಕ್ಕದಲ್ಲಿ ಮಖೆ ಮಳೆ. ಸೂರ್ಯ ಮಖಾ ನಕ್ಷತ್ರದ ಪಕ್ಕದಲ್ಲೇ ಇದ್ದ. 'ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು' ಅನ್ನುವ ಮಳೆ ಅದು. ಹೊಲದಲ್ಲಿ ಶೇಂಗಾ ಬಾಡಿ ನಿಂತಿತ್ತು. ನಕ್ಷತ್ರ ತನ್ನ ಜಾಗದಲ್ಲಿ ಸರಿಯಾಗಿಯೇ ಇತ್ತು, ಮಳೆ ಇರಲಿಲ್ಲ.

ಬರೀ ತಾರೀಕು ನೋಡಿ ಬಿತ್ತುವವರು ನಮ್ಮ ಕಡೆ ಈಗಲೂ ಇದ್ದಾರೆ. ಮೃಗಶಿರ ಕೂಡಿತು, ಒಂದು ಹದ ಬಿತ್ತು ಅಂತ ಮೇಲ್ಮಣ್ಣು ನೆನೆದಿದ್ದಕ್ಕೇ ಕೂರಿಗೆ ಹೂಡುತ್ತಾರೆ. ಶೇಂಗಾಕ್ಕೆ ಎಕರೆಗೆ 40-50 ಕೆ.ಜಿ. ಬೀಜ ಬೇಕು. ಮೊಳಕೆ ಬಂದ ಮೇಲೆ ಇಪ್ಪತ್ತು ದಿನ ಮಳೆ ಹೋದರೆ ಅಷ್ಟೂ ಮಣ್ಣುಪಾಲು. ಹದ ನೋಡೋದು ನೆಲದಲ್ಲಿ. ಗೇಣುದ್ದ ಅಗೆದು, ಕೆಳಗಿನ ಮಣ್ಣು ಹಿಡಿದು ಉಂಡೆ ಕಟ್ಟಿ ನೋಡಬೇಕು. ಕಾಲ ನೋಡೋದು ಆಕಾಶದಲ್ಲಿ. ಯಾವ ಬೆಳೆಗೆ ಇನ್ನೂ ಕಾಲ ಇದೆ, ಯಾವುದಕ್ಕೆ ಮುಗಿಯಿತು ಅಂತ ಹೇಳೋದಕ್ಕೆ ನಕ್ಷತ್ರದ ಲೆಕ್ಕದಷ್ಟು ಸುಲಭದ ಲೆಕ್ಕ ಬೇರೆ ಇಲ್ಲ. ಶೇಂಗಾದ ಕಾಲ ಮೀರಿತು, ಇನ್ನು ಹುರುಳಿಗೆ ಉತ್ತರೆ ಹಸ್ತೆ ಕಾಯೋಣ ಅಂತ ಒಬ್ಬ ಹಿರಿಯ ಹೇಳಿದರೆ ಅದರಲ್ಲಿ ಮೂಢನಂಬಿಕೆ ಏನೂ ಇಲ್ಲ. ಎರಡು ಲೆಕ್ಕವನ್ನು ಕಲಸಿದರೆ ಕಷ್ಟ.

ಇನ್ನೊಂದು ಮಾತು. ಈ ತಾರೀಕುಗಳೂ ಶಾಶ್ವತ ಅಲ್ಲ. ಭೂಮಿಯ ಅಚ್ಚು ಬುಗುರಿಯ ಹಾಗೆ ನಿಧಾನವಾಗಿ ತೂಗುವುದರಿಂದ ನಕ್ಷತ್ರದ ಲೆಕ್ಕ ಸುಮಾರು 72 ವರ್ಷಕ್ಕೆ ಒಂದು ದಿನ ಮುಂದಕ್ಕೆ ಹೋಗುತ್ತದೆ. ಸಾವಿರ ವರ್ಷಕ್ಕೆ ಹದಿನಾಲ್ಕು ದಿನ. ಅಂದರೆ ಒಂದು ಇಡೀ ಮಳೆ. ಸಾವಿರ ವರ್ಷದ ಹಿಂದೆ ಆರಿದ್ರ ಸೇರುತ್ತಿದ್ದ ಕಾಲಕ್ಕೆ ಈಗ ಮೃಗಶಿರ ಸೇರುತ್ತಿದೆ. ಗಾದೆ ಮಾತು ಎಷ್ಟು ಹಳೆಯದೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ಗಾದೆಯನ್ನು ಗೌರವದಿಂದ ಕೇಳಬೇಕು, ನಮ್ಮ ಹೊಲದ ಅನುಭವಕ್ಕೆ ಹಚ್ಚಿ ನೋಡಬೇಕು.

ಗುರುತಿಸೋದು ಹೇಗೆ

'ಲಕ್ಷಾಂತರ ಚುಕ್ಕೆ ಇದಾವೆ, ಯಾವುದು ಅಂತ ಹುಡುಕೋದು?' ಅಂತ ಕೇಳ್ತಾರೆ. ಬರಿಗಣ್ಣಿಗೆ ಒಮ್ಮೆಗೆ ಕಾಣೋದು ಎರಡು ಮೂರು ಸಾವಿರ ಅಷ್ಟೆ. ಅದರಲ್ಲಿ ಹತ್ತು ಹನ್ನೆರಡು ಪ್ರಕಾಶಮಾನವಾದವು ಗೊತ್ತಾದರೆ ಉಳಿದವು ತಾವಾಗಿಯೇ ಬರುತ್ತವೆ.

ಜನವರಿಯಲ್ಲಿ, ಸಂಕ್ರಾಂತಿ ಆಸುಪಾಸು, ರಾತ್ರಿ ಒಂಬತ್ತಕ್ಕೆ ಅಂಗಳದಲ್ಲಿ ಚಾಪೆ ಹಾಕಿ ಮಲಗಿ. ನೆತ್ತಿಯ ಮೇಲೆ ಕೆಂಪು ಛಾಯೆಯ ಒಂದು ದೊಡ್ಡ ಚುಕ್ಕೆ ಕಾಣುತ್ತದೆ. ಕವಲೊಡೆದ ಕೋಲಿನ ಒಂದು ತುದಿಯಲ್ಲಿ ಇರುವ ಹಾಗೆ. ಅದೇ ರೋಹಿಣಿ. ಅದರಿಂದ ಸ್ವಲ್ಪ ಪಡುವಣಕ್ಕೆ ಒತ್ತೊತ್ತಾಗಿ ಒಂದು ಚಿಕ್ಕ ಗೊಂಚಲು. ಅದು ಕೃತ್ತಿಕೆ. ಕಣ್ಣು ಚೆನ್ನಾಗಿದ್ದವರಿಗೆ ಆರು ಚುಕ್ಕೆ ಕಾಣುತ್ತವೆ, ಕೆಲವರಿಗೆ ಏಳು. ರೋಹಿಣಿಯಿಂದ ಮೂಡಣಕ್ಕೆ ಬಂದರೆ ನೇರ ಸಾಲಿನಲ್ಲಿ ಮೂರು ಚುಕ್ಕೆ. ಇದನ್ನು ನೋಡದವರು ಯಾರೂ ಇರಲಿಕ್ಕಿಲ್ಲ, ಹೆಸರು ಗೊತ್ತಿಲ್ಲದಿರಬಹುದು. ನಮ್ಮಪ್ಪ ಇದನ್ನು ಮೂರು ಚುಕ್ಕೆ ಅಂತಲೇ ಕರೆಯುತ್ತಿದ್ದರು. ಈ ಮೂರು ಚುಕ್ಕೆಯ ಎರಡೂ ಪಕ್ಕ ನಾಲ್ಕು ದೊಡ್ಡ ಚುಕ್ಕೆಗಳ ಚೌಕಟ್ಟು ಇದೆ. ಬಡಗಣದ ಎರಡು ಚುಕ್ಕೆಗಳಲ್ಲಿ ಕೆಂಪಾಗಿರುವುದು ಆರಿದ್ರ. ಆ ಎರಡರ ನಡುವೆ ಸ್ವಲ್ಪ ಮೇಲೆ ಮಸುಕಾದ ಮೂರು ಚಿಕ್ಕ ಚುಕ್ಕೆಗಳ ಗುಂಪು ಮೃಗಶಿರ, ಅಂದರೆ ಜಿಂಕೆಯ ತಲೆ. ಇನ್ನೂ ಮೂಡಣಕ್ಕೆ ಹೋದರೆ ಅಕ್ಕ ತಂಗಿಯರ ಹಾಗೆ ಪಕ್ಕಪಕ್ಕ ಇರುವ ಎರಡು ಚುಕ್ಕೆ ಪುನರ್ವಸು.

ನೋಡಿದಿರಾ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು ಐದೂ ಒಂದೇ ರಾತ್ರಿಯಲ್ಲಿ ಸಿಕ್ಕವು. ಮಳೆ ಬರುವ ಅನುಕ್ರಮದಲ್ಲೇ ಪಡುವಣದಿಂದ ಮೂಡಣಕ್ಕೆ ಸಾಲಾಗಿ ಇವೆ. ಮೂರು ಚುಕ್ಕೆಯ ಸಾಲನ್ನು ಒಂದು ಕಡೆ ಎಳೆದರೆ ರೋಹಿಣಿ ಹತ್ತಿರ ಹೋಗುತ್ತದೆ, ಇನ್ನೊಂದು ಕಡೆ ಎಳೆದರೆ ಲುಬ್ಧಕ ಸಿಗುತ್ತದೆ. ರಾತ್ರಿಯ ಆಕಾಶದ ನಕ್ಷತ್ರಗಳಲ್ಲೆಲ್ಲ ಹೆಚ್ಚು ಹೊಳೆಯುವುದು ಅದೇ. ಅದಕ್ಕಿಂತ ತೆಂಕಣಕ್ಕೆ ತಗ್ಗಿನಲ್ಲಿ ಒಂಟಿಯಾಗಿ ಹೊಳೆಯುವುದು ಅಗಸ್ತ್ಯ. ಮೂರು ಚುಕ್ಕೆ ಸರಿಯಾಗಿ ಮೂಡಣದಲ್ಲಿ ಹುಟ್ಟಿ ಸರಿಯಾಗಿ ಪಡುವಣದಲ್ಲಿ ಮುಳುಗುತ್ತದೆ. ರಾತ್ರಿ ದಿಕ್ಕು ತಪ್ಪಿದರೆ ಅದೇ ಸಾಕು.

ಮೇ ತಿಂಗಳ ನಡುವಿನಲ್ಲಿ, ಸೆಖೆಗೆ ಹೊರಗೆ ಮಲಗುವ ಕಾಲದಲ್ಲಿ, ಅದೇ ಒಂಬತ್ತು ಗಂಟೆಗೆ ಬಡಗಣಕ್ಕೆ ಮುಖ ಮಾಡಿ. ಏಳು ಚುಕ್ಕೆಯ ಸಪ್ತರ್ಷಿ ಮಂಡಲ, ಸೌಟಿನ ಆಕಾರ. ಸೌಟಿನ ಹಿಡಿ ಬಾಗಿದ ಹಾಗೆಯೇ ಕಣ್ಣನ್ನು ಮುಂದಕ್ಕೆ ಎಳೆಯಿರಿ. ಕೇಸರಿ ಬಣ್ಣದ ದೊಡ್ಡ ಚುಕ್ಕೆ ಸಿಗುತ್ತದೆ, ಅದು ಸ್ವಾತಿ. ಅದೇ ಬಾಗಿನಲ್ಲಿ ಇನ್ನೂ ಮುಂದೆ ಹೋದರೆ ಬಿಳಿಯ ಚಿತ್ತೆ. ಚಿತ್ತೆಯ ಪಕ್ಕ ಪಡುವಣಕ್ಕೆ ಅಂಗೈ ಹಾಗೆ ಇರುವ ನಾಲ್ಕೈದು ಚುಕ್ಕೆ ಹಸ್ತೆ. ನೆತ್ತಿಯಿಂದ ಪಡುವಣಕ್ಕೆ ಇಳಿದರೆ ಕುಡುಗೋಲಿನ ಆಕಾರದ ಗುಂಪು, ಅದರ ಹಿಡಿಯ ತುದಿಯ ದೊಡ್ಡ ಚುಕ್ಕೆ ಮಖೆ. ಇಲ್ಲಿಗೆ ಹಿಂಗಾರಿನ ನಕ್ಷತ್ರಗಳೂ ಸಿಕ್ಕವು. ಅದೇ ಹೊತ್ತಿಗೆ ತೆಂಕಣದ ತಗ್ಗಿನಲ್ಲಿ ಶಿಲುಬೆಯ ಹಾಗೆ ನಾಲ್ಕು ಚುಕ್ಕೆ ತ್ರಿಶಂಕು.

ಸಪ್ತರ್ಷಿಯ ಸೌಟಿನ ಬಾಯಿ ಕಡೆಯ ಎರಡು ಚುಕ್ಕೆಗಳ ಅಂತರವನ್ನು ಐದು ಪಟ್ಟು ಮುಂದಕ್ಕೆ ಎಳೆದರೆ ಧ್ರುವ. ನಮ್ಮ ಸೀಮೆಯಲ್ಲಿ ಧ್ರುವ ಬಹಳ ತಗ್ಗಿನಲ್ಲಿದೆ. ಕೈ ಚಾಚಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ. ನೆಲದಂಚಿನಿಂದ ಒಂದೂವರೆ ಮುಷ್ಟಿ ಮೇಲೆ ಧ್ರುವ. ಗುಡ್ಡ ಅಡ್ಡ ಇದ್ದರೆ ಕಾಣದು.

ಇನ್ನೂ ಸುಲಭದ ದಾರಿ ಬೇಕಾದರೆ ಚಂದ್ರನನ್ನು ಕೇಳಿ. ಕ್ಯಾಲೆಂಡರಿನಲ್ಲಿ ಈ ದಿನ ರೋಹಿಣಿ ಅಂತ ಇದ್ದರೆ ಆ ರಾತ್ರಿ ಚಂದ್ರನ ಆಸುಪಾಸಿನಲ್ಲೇ ರೋಹಿಣಿ ಇರುತ್ತದೆ. ಹುಣ್ಣಿಮೆ ಬೆಳಕಿಗೆ ಚಿಕ್ಕ ಚುಕ್ಕೆ ಮುಚ್ಚಿಹೋಗುತ್ತವೆ, ಅಷ್ಟಮಿ ಹೊತ್ತಿಗೆ ನೋಡಿದರೆ ಒಳ್ಳೆಯದು. ನಮ್ಮ ತಿಂಗಳ ಹೆಸರೂ ಇದರಿಂದಲೇ ಬಂದದ್ದು. ಕಾರ್ತಿಕದ ಹುಣ್ಣಿಮೆ ಚಂದ್ರ ಕೃತ್ತಿಕೆಯ ಹತ್ತಿರ, ಚೈತ್ರದ ಹುಣ್ಣಿಮೆ ಚಂದ್ರ ಚಿತ್ತೆಯ ಹತ್ತಿರ.

ಒಂದು ಎಚ್ಚರಿಕೆ. ಬೆಳ್ಳಿ ಚುಕ್ಕೆ ನಕ್ಷತ್ರ ಅಲ್ಲ, ಶುಕ್ರ ಗ್ರಹ. ಕೆಲವು ತಿಂಗಳು ಬೆಳಗಿನ ಜಾವ, ಕೆಲವು ತಿಂಗಳು ಸಂಜೆ ಕಾಣುತ್ತದೆ, ನಡುವೆ ಮಾಯವಾಗುತ್ತದೆ. ಗುರು, ಶನಿ, ಮಂಗಳ ಕೂಡ ಜಾಗ ಬದಲಿಸುತ್ತವೆ. ಮಿನುಗದೆ ಒಂದೇ ಸಮ ಹೊಳೆಯುವ ಚುಕ್ಕೆ ಕಂಡರೆ ಗ್ರಹ ಇರಬಹುದು ಅಂದುಕೊಳ್ಳಿ.

ರಾತ್ರಿಯ ಗಡಿಯಾರ

ನನ್ನ ಮೊಮ್ಮಗಳು ಒಮ್ಮೆ ಕೇಳಿದಳು, 'ತಾತ, ನಿನ್ನೆ ಇದೇ ಹೊತ್ತಿಗೆ ಬೇವಿನ ಮರದ ಮೇಲಿತ್ತು, ಈವತ್ತು ಯಾಕೆ ಸರಿದಿದೆ?' ಅಂತ. ಮಗು ಕೇಳಿದ್ದು ದೊಡ್ಡ ಪ್ರಶ್ನೆ. ಒಂದೊಂದು ನಕ್ಷತ್ರ ದಿನಾ ನಾಲ್ಕು ನಿಮಿಷ ಮುಂಚೆ ಹುಟ್ಟುತ್ತದೆ. ತಿಂಗಳಿಗೆ ಎರಡು ಗಂಟೆ ಆಯಿತು. ಹನ್ನೆರಡು ತಿಂಗಳಿಗೆ ಇಪ್ಪತ್ನಾಲ್ಕು ಗಂಟೆ, ಮತ್ತೆ ಅದೇ ಜಾಗ. ಮಳೆ ನಕ್ಷತ್ರ ಬದಲಾಗೋದು ಇದೇ ಕಾರಣಕ್ಕೆ. ಒಂದು ರಾತ್ರಿಯಲ್ಲಿ ಚುಕ್ಕೆ ಗಂಟೆಗೆ ಒಂದೂವರೆ ಮುಷ್ಟಿಯಷ್ಟು ಪಡುವಣಕ್ಕೆ ಹೋಗುತ್ತದೆ. ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ನೀರು ಕಟ್ಟಲು ಹೋಗುವವರು ಇದನ್ನು ನೋಡುತ್ತಿದ್ದರೆ ಹೊತ್ತು ತಿಳಿಯಲು ಜೇಬಿಗೆ ಕೈ ಹಾಕಬೇಕಿಲ್ಲ. ರೋಹಿಣಿ ಪಡುವಣದಲ್ಲಿ ಮುಳುಗುವ ಹೊತ್ತಿಗೆ ಮೂಡಣದಲ್ಲಿ ಇನ್ನೊಂದು ಕೆಂಪು ಚುಕ್ಕೆ ಹೆಚ್ಚುಕಡಿಮೆ ಒಟ್ಟಿಗೇ ಹುಟ್ಟುತ್ತದೆ, ಅದು ಜ್ಯೇಷ್ಠಾ. ಅದಕ್ಕೇ ರೋಹಿಣಿ ಮಳೆಯ ಕಾಲದಲ್ಲಿ ಸಂಜೆ ಮೂಡಣದಲ್ಲಿ ಕೆಂಪಾಗಿ ಏಳುವುದು ಜ್ಯೇಷ್ಠಾ. ರೋಹಿಣಿ ಅಂತ ಅದನ್ನು ತೋರಿಸುವವರೂ ಇದ್ದಾರೆ.

ದೀಪದ ಮಾತು

ಇಷ್ಟೆಲ್ಲ ಬರೆದರೂ ಊರೊಳಗೆ ನಿಂತು ನೋಡಿದರೆ ಏನೂ ಕಾಣದ ಸ್ಥಿತಿ ಬರುತ್ತಿದೆ. ಬಿಳಿ ಎಲ್ಇಡಿ ದೀಪಗಳು ಬಂದ ಮೇಲೆ ಬೆಳಕು ರಸ್ತೆಗಿಂತ ಆಕಾಶಕ್ಕೇ ಹೆಚ್ಚು ಹೋಗುತ್ತಿದೆ. ಎತ್ತರದ ಕಂಬಕ್ಕೆ ನಾಲ್ಕು ದಿಕ್ಕಿಗೂ ದೀಪ ಹಾಕಿ, ಯಾರೂ ಓಡಾಡದ ನಡುರಾತ್ರಿಯಲ್ಲೂ ಉರಿಸುತ್ತಾರೆ. ಅಂತಹ ಕಂಬದ ಕೆಳಗೆ ಕೃತ್ತಿಕೆಯನ್ನು ಎಣಿಸಿ ನೋಡಿ, ಗೊಂಚಲೇ ಸಿಗದಿರಬಹುದು. ಊರ ಹೊರಗೆ ಹೋಗಿ ಮತ್ತೆ ಎಣಿಸಿ. ಆ ಎರಡು ಲೆಕ್ಕದ ವ್ಯತ್ಯಾಸವೇ ನಾವು ಕಳೆದುಕೊಂಡದ್ದು.

ದೀಪ ಬೇಡ ಅನ್ನುವುದಿಲ್ಲ. ಹಾವು ಚೇಳು ಇರುವ ಊರು ನಮ್ಮದು, ಹೆಣ್ಣುಮಕ್ಕಳು ಓಡಾಡಬೇಕು. ದೀಪದ ತಲೆಗೆ ಒಂದು ಮುಚ್ಚಳ ಹಾಕಿ ಬೆಳಕು ಕೆಳಗೆ ಬೀಳುವಂತೆ ಮಾಡಿ ಅಂತ ಗ್ರಾಮಸಭೆಯಲ್ಲಿ ಕೇಳೋಣ. ಹನ್ನೊಂದರ ಮೇಲೆ ಬೇಡದ ಕಡೆ ಆರಿಸಲಿ. ಪಂಚಾಯಿತಿಯ ಕರೆಂಟು ಬಿಲ್ಲೂ ಉಳಿಯುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ದೂರದರ್ಶಕ ಇರುವ ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲೆಯನ್ನೇ ಕಾಪಾಡುವ ಪ್ರದೇಶ ಅಂತ ಘೋಷಣೆ ಆಯಿತು. ದೇಶದಲ್ಲಿ ಅದೇ ಮೊದಲು. ಅಲ್ಲಿನ ಹಳ್ಳಿಯವರಿಗೇ ತರಬೇತಿ ಕೊಟ್ಟು, ದೂರದರ್ಶಕ ಕೊಟ್ಟು, ಬಂದವರಿಗೆ ಆಕಾಶ ತೋರಿಸುವ ಕೆಲಸ ಕೊಟ್ಟಿದ್ದಾರೆ. ಕತ್ತಲೆಗೂ ಬೆಲೆ ಇದೆ ಅಂತ ಆಯಿತಲ್ಲ.

ಕೊನೆಗೆ ಎರಡು ಉತ್ತರ

ಓದಿದ ಹುಡುಗರು 'ಇದೆಲ್ಲ ಜ್ಯೋತಿಷ್ಯ, ಹವಾಮಾನ ಇಲಾಖೆಯ ಮುನ್ಸೂಚನೆ ಮೊಬೈಲಿಗೇ ಬರುತ್ತದೆ' ಅಂತಾರೆ. ಬರಲಿ, ನಾನೂ ನೋಡುತ್ತೇನೆ. ನಾಲ್ಕೈದು ದಿನದ ಮಳೆಯ ಮಾತನ್ನು ಅವರಿಗಿಂತ ಚೆನ್ನಾಗಿ ಪಂಚಾಂಗ ಹೇಳಲಾರದು. ಆದರೆ ಚುಕ್ಕೆ ಗುರುತಿಸುವುದು ಜ್ಯೋತಿಷ್ಯ ಅಲ್ಲ. ಕಣ್ಣಿಂದ ನೋಡಿ, ಬೆರಳಿಂದ ಅಳೆದು, ಮರುದಿನ ಮತ್ತೆ ನೋಡಿ ಖಾತ್ರಿ ಮಾಡಿಕೊಳ್ಳುವ ಕೆಲಸ ಅದು. ಹಾಗೆ ನೋಡಿದವನಿಗೆ ಸುಳ್ಳು ಭವಿಷ್ಯ ಹೇಳಿ ದುಡ್ಡು ಕೀಳುವುದು ಕಷ್ಟ.

ಹಿರಿಯರು 'ಯಾಕಪ್ಪಾ ಇಷ್ಟು ತಲೆಬಿಸಿ, ಕ್ಯಾಲೆಂಡರ್ ಇದೆಯಲ್ಲ' ಅಂತಾರೆ. ಕ್ಯಾಲೆಂಡರ್ ಬರೆದವರೂ ಯಾರೋ ಆಕಾಶ ನೋಡಿದವರ ಲೆಕ್ಕವನ್ನೇ ಬರೆದದ್ದು. ಮೂಲ ನಮ್ಮ ತಲೆ ಮೇಲೇ ಇರುವಾಗ ನಕಲು ಪ್ರತಿಯನ್ನಷ್ಟೇ ಯಾಕೆ ನೆಚ್ಚಬೇಕು?

ಮಾಡಬೇಕಾದ್ದು ದೊಡ್ಡದೇನಲ್ಲ. ಬರುವ ಸಂಕ್ರಾಂತಿಯ ಆಸುಪಾಸಿನ ಅಮಾವಾಸ್ಯೆಗೆ ಮನೆಯ ದೀಪ ಆರಿಸಿ, ಮಕ್ಕಳನ್ನು ಕರೆದುಕೊಂಡು ಹೊಲಕ್ಕೆ ಹೋಗಿ. ಇಪ್ಪತ್ತು ನಿಮಿಷ ಮೊಬೈಲ್ ತೆಗೆಯಬೇಡಿ, ಕಣ್ಣು ಕತ್ತಲೆಗೆ ಹೊಂದಲು ಅಷ್ಟು ಹೊತ್ತು ಬೇಕು. ಬ್ಯಾಟರಿಗೆ ಕೆಂಪು ಬಟ್ಟೆ ಕಟ್ಟಿಕೊಳ್ಳಿ. ಮೂರು ಚುಕ್ಕೆಯಿಂದ ಶುರು ಮಾಡಿ. ಊರಿನಲ್ಲಿ ಹಿರಿಯರು ಇದ್ದರೆ ಅವರನ್ನೂ ಕರೆಯಿರಿ, ಅವರು ಹೇಳುವ ಹೆಸರುಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು ಇರುತ್ತದೆ. ಅವರ ಜೊತೆಗೇ ಅದು ಹೋಗಬಾರದು. ನಿಮ್ಮ ಕಡೆಯ ಹೆಸರುಗಳನ್ನು ಪತ್ರಿಕೆಗೂ ಬರೆದು ಕಳಿಸಿ, ನಾವೂ ತಿಳಿದುಕೊಳ್ಳುತ್ತೇವೆ.